ಕೋಣೆಯ ಬಿಸಿ ಎಷ್ಟು ಡಿಗ್ರಿ?

ಅಳತೆಯ ಕೆಲಸ ಮಾಡುವವರಿಗೆ ಫಜೀತಿ ತಪ್ಪಿದ್ದಲ್ಲ. ಅಳೆಯಲು ಹೋಗುವುದು ಒಂದನ್ನು, ಸಿಗುವುದು ಇನ್ನೊಂದು.

ತುರ್ತುಪರಿಸ್ಥಿತಿ ಮುಗಿದ ಮರುವರ್ಷ ಬಿ.ಎಸ್ಸಿ. ಮುಗಿಸಿ, ವಿಜಾಪುರದಲ್ಲಿ ಭೌತಶಾಸ್ತ್ರದ ಒಬ್ಬ ಸರ್ ಕೈಕೆಳಗೆ ಸಹಾಯಕನಾಗಿ ಸೇರಿದೆ. ಸರ್ ಎಷ್ಟೋ ವರ್ಷ ಕಷ್ಟಪಟ್ಟು ಕಡಲೆಕಾಳಿನಷ್ಟು ಹರಳೊಂದನ್ನು ಬೆಳೆಸಿ, ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ವಿಕಿರಣ ಸೂಸುವ ವಸ್ತು ಹತ್ತಿರ ಬಂದರೆ ಪೆಟ್ಟಿಗೆ ಗಂಟೆ ಬಾರಿಸಬೇಕು. ಅಣುವಸ್ತುವನ್ನು ಯಾರಾದರೂ ಕದ್ದು ಸಾಗಿಸಿದರೆ ಊರ ಹೊರಗಿನ ತಪಾಸಣೆಯ ನಾಕಾದಲ್ಲೇ ಹಿಡಿಯಬಹುದು. ಇಂಥ ಬೇರೆ ಹರಳುಗಳನ್ನು ದ್ರವ ನೈಟ್ರೋಜನ್ನಿನಿಂದ ತಣ್ಣಗಿಡಬೇಕು. ನಮ್ಮದಕ್ಕೆ ತಂಪು ಬೇಡ, ಕೋಣೆಯ ಬಿಸಿಯೇ ಸಾಕು. ಅದೇ ಅದರ ಹೆಚ್ಚುಗಾರಿಕೆ.

ಬೇಸಿಗೆಯಲ್ಲಿ ದೊಡ್ಡ ಅಧಿಕಾರಿಯೊಬ್ಬರು ಪರೀಕ್ಷಿಸಲು ಬರುವವರಿದ್ದರು. ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಸರ್ ಅವರ ಪ್ರಯೋಗಶಾಲೆಗೆ ಬೀಗ. ಅದಕ್ಕೂ ಮೊದಲು ಪೆಟ್ಟಿಗೆ ಹೊತ್ತು ಊರೂರು ತಿರುಗಿದೆವು.

೧. ತಿಕೋಟಾದ ಗ್ಯಾಸಬತ್ತಿ

ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆವು. ಲಗ್ನಗಳಿಗೆ ಗ್ಯಾಸಬತ್ತಿ ಬಾಡಿಗೆ ಕೊಡುವ ಚಾಚಾ ಒಬ್ಬರು ಡಬ್ಬಿ ಹಿಡಿದು ಪಕ್ಕಕ್ಕೆ ಬಂದದ್ದೇ ತಡ, ಗಂಟೆ ಹೊಡೆಯಿತು. ಸರ್ ಎದ್ದು ನಿಂತರು.

"ಚಾಚಾ, ಡಬ್ಬ್ಯಾಗ ಏನೈತ್ರಿ?"

"ಬತ್ತಿ ಮ್ಯಾಂಟಲ್ ಅದಾವ್ರಿ. ಬಿಜ್ಜರಗಿ ಲಗ್ನಕ್ಕ ಒಯ್ಯಾಕತ್ತೇನಿ. ಯಾಕ್ರಿ, ತಪ್ಪಾತೇನ್ರಿ?"

ದೀಪದೊಳಗೆ ಬೆಳಗುವ ಬಲೆಚೀಲವಾದ ಈ ಮ್ಯಾಂಟಲ್ಲಿನಲ್ಲಿ ಥೋರಿಯಮ್ ಇರುತ್ತದೆ, ಅದು ಸ್ವಲ್ಪ ವಿಕಿರಣ ಸೂಸುತ್ತದೆ. ಯಂತ್ರ ಹೇಳಿದ್ದು ನಿಜವೇ. ಸರ್ ಖುಷಿಯಿಂದ ಅದನ್ನೆಲ್ಲ ವಿವರಿಸಿದರು. ಚಾಚಾ ಪೂರ್ತಿ ಕೇಳಿದರು.

"ಅಂದ್ರ ನನ್ನ ಮಾಲ್ ಅಸಲಿ ಅಂದಂಗಾತು. ಹಂಗಂತ ಒಂದು ಚೀಟಿ ಬರದ ಕೊಡ್ರಲಾ."

ಸರ್ ಬರೆದುಕೊಟ್ಟರು. ತಡೆಯಬೇಕಿತ್ತು, ನಾನು ತಡೆಯಲಿಲ್ಲ. ಮುಂದಿನ ವಾರ ಹೋದಾಗ ಚಾಚಾರ ಅಂಗಡಿಗೆ ಹೊಸ ಹಲಗೆ ಬಂದಿತ್ತು: "ಅಣುಶಕ್ತಿ ಮ್ಯಾಂಟಲ್. ವಿಜ್ಞಾನಿಗಳ ಸಹಿ ಐತಿ."

೨. ಬಬಲೇಶ್ವರದಲ್ಲಿ ಹುಡುಕಾಟ

ಕಾಣದ ವಸ್ತುವನ್ನು ಹುಡುಕುವ ಯಂತ್ರ ಬಂದಿದೆ ಎಂದು ಬಬಲೇಶ್ವರದಲ್ಲಿ ಸುದ್ದಿಯಾಯಿತು. ಒಬ್ಬರ ಮೂಗುತಿ ಕಳೆದಿತ್ತು, ಇನ್ನೊಬ್ಬರ ಆಡು. ಅವರನ್ನೆಲ್ಲ ಸಮಾಧಾನ ಮಾಡಿ ಕಳಿಸಿದೆವು. ಒಬ್ಬ ಅಜ್ಜಿ ಮಾತ್ರ ಏಳಲಿಲ್ಲ.

"ನಮ್ಮ ಮನಿ ಯಜಮಾನ ಮುಂಜಾನಿಂದ ಕಾಣವಲ್ಲ. ಎಲ್ಲಿ ಕುಂತಾನ ನೋಡ್ರಿ."

"ಕಿರಣ ಸೂಸೋ ವಸ್ತು ಅಷ್ಟ ಇದಕ್ಕ ಸಿಗತೈತಿ, ಯವ್ವಾ," ಎಂದರು ಸರ್.

"ಸಿಟ್ಟಿಗೆದ್ರ ಬೆಂಕೀನ ಉಗುಳ್ತಾನ್ರಿ ಅಂವಾ. ಸಾಲೂದಿಲ್ಲೇನು?"

ಅಷ್ಟರಲ್ಲಿ ಯಂತ್ರ ನೋಡಲೆಂದು ಅಜ್ಜನೇ ಗುಂಪು ಸೀಳಿಕೊಂಡು ಮುಂದೆ ಬಂದ. ಅಜ್ಜಿ ಪೆಟ್ಟಿಗೆಗೆ ಕೈಮುಗಿದಳು. ಊರೆಲ್ಲ ಚಪ್ಪಾಳೆ ತಟ್ಟಿತು. ಇಡೀ ಬೇಸಿಗೆಯಲ್ಲಿ ನಮಗೆ ಸಿಕ್ಕ ಚಪ್ಪಾಳೆ ಅದೊಂದೇ. ಆಗ ಯಂತ್ರ ಚಾಲೂ ಇರಲಿಲ್ಲ.

೩. ಇಬ್ರಾಹಿಂಪುರದ ನಾಕಾ

ಅಧಿಕಾರಿಗಳ ಪರೀಕ್ಷೆ ಇಬ್ರಾಹಿಂಪುರದ ನಾಕಾದಲ್ಲಿ ನಡೆಯುವುದಿತ್ತು. ಐದು ಚಕ್ಕಡಿ ಸಾಲಾಗಿ ದಾಟುತ್ತವೆ. ಒಂದರಲ್ಲಿ, ಜೋಳದ ಚೀಲದ ಕೆಳಗೆ, ಭದ್ರವಾಗಿ ಮುಚ್ಚಿದ, ವಿಕಿರಣ ಸೂಸುವ ಸಣ್ಣ ತುಣುಕು. ಅದಕ್ಕೆ ಮಾತ್ರ ಗಂಟೆ ಹೊಡೆಯಬೇಕು.

ನನಗೊಂದು ವಿಷಯ ಗೊತ್ತಿತ್ತು. ಬಿಸಿಲು ಮೂವತ್ತೆಂಟು ಡಿಗ್ರಿ ದಾಟಿದರೆ ಹರಳು ಸುಮ್ಮಸುಮ್ಮನೆ ಗಂಟೆ ಹೊಡೆಯುತ್ತಿತ್ತು. ಮೂರು ದಿನ ಅಳೆದು, ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿದ್ದೆ. ಸರ್‌ಗೆ ಬಾಯಿಬಿಟ್ಟು ಹೇಳಿರಲಿಲ್ಲ. ಅಷ್ಟು ಉತ್ಸಾಹದಲ್ಲಿದ್ದರು, ನಾಳೆ ಹೇಳಿದರಾಯಿತು ಎಂದುಕೊಂಡೆ.

ಮುಂಜಾನೆ ಬರಬೇಕಿದ್ದ ಅಧಿಕಾರಿಗಳ ಗಾಡಿ ತಡವಾಯಿತು. ಸರ್ ದಾರಿ ಕಾಯಲು ರಸ್ತೆಯ ತಿರುವಿಗೆ ಹೋದರು. ಬಿಸಿಲು ಏರಿತು, ಪೆಟ್ಟಿಗೆ ಸುಮ್ಮಸುಮ್ಮನೆ ಗಂಟೆ ಹೊಡೆಯತೊಡಗಿತು. ನಾಕಾದ ಶಿಪಾಯಿ ಪೆಟ್ಟಿಗೆ ಮುಟ್ಟಿ ನೋಡಿದ.

"ತಮ್ಮಾ, ಕಾದ ಹಂಚಾಗೇತಿ ನೋಡು."

ನೀರಿನ ಕೊಡಕ್ಕೆ ಸುತ್ತುವ ಹಾಗೆ ಪೆಟ್ಟಿಗೆಗೊಂದು ಹಸಿ ಗೋಣಿತಟ್ಟು ಸುತ್ತಿದ. ಸುಳ್ಳು ಗಂಟೆ ನಿಂತಿತು. ತಟ್ಟು ಒಣಗಿದಾಗಲೆಲ್ಲ ನಾನೂ ನೀರು ಸುರಿದೆ.

ಮಧ್ಯಾಹ್ನ ಬಂದ ಅಧಿಕಾರಿಗಳು ಮೊದಲು ನೋಡಿದ್ದೇ ಅದನ್ನು. "ಇದಕ್ಕೆ ತಂಪು ಬೇಡ ಅಂತ ಬರೆದಿದ್ದೀರಲ್ಲ?"

"ಬ್ಯಾಡ್ರಿ," ಎಂದರು ಸರ್.

"ಬೇಕ್ರಿ ಸಾಹೇಬ್ರ!" ಎಂದ ಶಿಪಾಯಿ ಅಭಿಮಾನದಿಂದ. "ಮುಂಜಾನಿಂದ ಮೂರು ಕೊಡ ನೀರು ಕುಡದೈತ್ರಿ."

ಗೋಣಿತಟ್ಟು ತೆಗೆಸಿದರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಐದೂ ಚಕ್ಕಡಿಗೆ ಗಂಟೆ ಹೊಡೆಯಿತು. ಎತ್ತುಗಳಿಗೆ, ದಾರಿಹೋಕ ಕುರಿಗಳಿಗೆ, ಕೊನೆಗೆ ಅಧಿಕಾರಿಗಳಿಗೂ ಹೊಡೆಯಿತು.

"ಕೋಣೆಯ ಬಿಸಿ ಅಂದರೆ ಎಷ್ಟ್ರೀ ನಿಮ್ಮ ಲೆಕ್ಕದಲ್ಲಿ?"

"ಪುಸ್ತಕದಾಗ ಇಪ್ಪತ್ತೈದು ಡಿಗ್ರಿ ಅಂತೈತ್ರಿ."

"ಅದು ಯಾವೂರ ಖೋಲಿ, ಯಪ್ಪಾ!" ಎಂದ ಶಿಪಾಯಿ.

ಸರ್ ನನ್ನ ಕಡೆ ತಿರುಗಿದರು. ನಾನು ನೋಟ್‌ಬುಕ್ ಕೊಟ್ಟೆ. ಓದಿದರು. "ಚೊಲೋ ಬರದಿ," ಎಂದಷ್ಟೇ ಅಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಮೊದಲೇ ಹೇಳಿದ್ದರೆ ಸರ್ ಪರೀಕ್ಷೆಯನ್ನು ಮಾಗಿಯ ಚಳಿಗೆ ಮುಂದೂಡಲು ಕೇಳಿಕೊಳ್ಳುತ್ತಿದ್ದರು. ಮುಂದಿನ ತಿಂಗಳು ಪ್ರಯೋಗಶಾಲೆಗೆ ಬೀಗ ಬಿತ್ತು.

ಅಂದು ವರದಿ ಬರೆಯಲು ಕೂತ ಅಧಿಕಾರಿಗಳಿಗೆ ಬಿಸಿಲು ತಡೆಯಲಾಗಲಿಲ್ಲ. ಅದೇ ಹಸಿ ಗೋಣಿತಟ್ಟನ್ನು ತಲೆಯ ಮೇಲೆ ಹೊದ್ದುಕೊಂಡು ಬರೆದರು: "ತಂಪಿಲ್ಲದೆ ಕೆಲಸ ಮಾಡುವುದಿಲ್ಲ."

ಸರ್ ಒಮ್ಮೆ ಕಾಗದ ನೋಡಿದರು, ಒಮ್ಮೆ ಅವರ ತಲೆ ನೋಡಿದರು. ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಯಂತ್ರದ್ದು ಬರದಾರೋ, ತಮ್ಮದೋ?"