ಜೆಬುರಾನ್‌ಗೆ ಕೊಟ್ಟ ಹೂಗುಚ್ಛ

ಇನೋಮಾತ ತೊಕುಜಿಗೆ ಟೋಕಿಯೊ ನಗರವನ್ನು ತುಳಿದು ಪುಡಿ ಮಾಡುವ ಅಧಿಕಾರವಿತ್ತು. ತನ್ನ ಮನೆಯ ಕಪಾಟಿನಲ್ಲಿ ಒಂದು ಚಹಾ ಬಟ್ಟಲನ್ನು ಅತ್ತಿತ್ತ ಸರಿಸುವ ಅಧಿಕಾರವಿರಲಿಲ್ಲ. ಬಾಹ್ಯಾಕಾಶದಿಂದ ಇಳಿದು ಬರುವ ಜೆಬುರಾನ್ ಎಂಬ ದೈತ್ಯನ ರಬ್ಬರ್ ಚರ್ಮದೊಳಗೆ ಹೊಕ್ಕು, ಸೊಂಟದೆತ್ತರದ ರಟ್ಟಿನ ಕಟ್ಟಡಗಳ ನಡುವೆ ಬಾಲ ಬೀಸುತ್ತ ಬೀಸುತ್ತಲೇ ಅವನ ತಲೆ ನರೆತಿತ್ತು. ಅವನ ಗರ್ಜನೆಗೆ ದೇಶದ ಮಕ್ಕಳೆಲ್ಲ ಚಿತ್ರಮಂದಿರದಲ್ಲಿ ಅಮ್ಮಂದಿರ ತೋಳು ಕಚ್ಚುತ್ತಿದ್ದರು. ಮನೆಗೆ ಬಂದರೆ ಹೆಂಡತಿ ಮಿಸಾವೊ, "ರೀ, ಚಪ್ಪಲಿ ಬಾಗಿಲ ಕಡೆಗೆ ಸರಿಯಾಗಿ ತಿರುಗಿಸಿಡಿ. ಇದೇನು ನಿಮ್ಮ ರಟ್ಟಿನ ಊರಲ್ಲ," ಎನ್ನುತ್ತಿದ್ದಳು. ದೈತ್ಯ ಬಗ್ಗಿ ಚಪ್ಪಲಿ ತಿರುಗಿಸಿಡುತ್ತಿದ್ದ.

ಜೆಬುರಾನ್ ಸಾಯುವುದು ಹೊಸ ಸಂಗತಿಯಲ್ಲ. 'ಕೊನೆಯ ಯುದ್ಧ' ಎಂಬ ಭಾಗದಲ್ಲಿ ಅವನು ಜ್ವಾಲಾಮುಖಿಗೆ ಬಿದ್ದ. ಅದು ಚೆನ್ನಾಗಿ ಓಡಿದ್ದರಿಂದ 'ನಿಜವಾದ ಕೊನೆಯ ಯುದ್ಧ' ತೆಗೆದರು. ಅದರಲ್ಲಿ ಸಮುದ್ರದ ಪಾಲಾದ. ಇನ್ನೊಂದರಲ್ಲಿ ಮಂಜುಗಡ್ಡೆಯಾದ. ಟಿಕೆಟ್ಟು ಕೊಳ್ಳುವ ಜನ ಇರುವವರೆಗೆ ಅವನಿಗೆ ಮರಣವಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಈ ಸಲದ 'ಮಹಾಪ್ರಳಯ'ದಲ್ಲಿ ಎದೆಗೆ ಕ್ಷಿಪಣಿ ನಾಟಿಸಿಕೊಂಡು ಬಂದರಿನ ಮೇಲೆ ಒರಗಿದಾಗ ತೊಕುಜಿಗೆ ಯಾವ ಚಿಂತೆಯೂ ಇರಲಿಲ್ಲ. (ಸಾಯುವುದರಲ್ಲಿ ಅವನನ್ನು ಮೀರಿಸುವವರು ಆ ಸ್ಟುಡಿಯೋದಲ್ಲಿ ಯಾರೂ ಇರಲಿಲ್ಲ.)

ಚಿಂತೆ ಶುರುವಾದದ್ದು ಬೆನ್ನಿನ ಜಿಪ್ಪು ಬಿಚ್ಚಿ ಹೊರಗೆ ಬಂದ ಮೇಲೆ. ಎಲ್ಲರೂ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಿರ್ದೇಶಕ ಹಯಾಮಿ ಕೈತುಂಬ ಹೂಗುಚ್ಛ ಹಿಡಿದುಕೊಂಡಿದ್ದ. ನಟನೊಬ್ಬನ ಕೊನೆಯ ದೃಶ್ಯ ಮುಗಿದಾಗ ಹೀಗೆ ಹೂ ಕೊಟ್ಟು ಕಳಿಸುವುದು ಅಲ್ಲಿನ ಪದ್ಧತಿ. ಆದರೆ ಆ ಮರ್ಯಾದೆ ಮುಖ ಕಾಣಿಸುವ ನಟರಿಗೆ. ರಬ್ಬರಿನ ಒಳಗಿದ್ದವನಿಗೆ ಇಷ್ಟು ವರ್ಷ ಸಿಕ್ಕಿದ್ದು ಒಂದು ಲೋಟ ಬಾರ್ಲಿ ಚಹಾ, ಒಂದು ಒದ್ದೆ ಟವೆಲು.

"ಇನೋಮಾತ ಅವರೇ, ಮುಂದಿನ ಭಾಗದಿಂದ ಜೆಬುರಾನ್‌ನನ್ನ ಕಂಪ್ಯೂಟರ್‌ನಲ್ಲೇ ಮಾಡ್ತಾರಂತೆ," ಎಂದ ಹಯಾಮಿ, ಅವನ ಮುಖ ನೋಡದೆ. "ನೀವು ಪಟ್ಟ ಕಷ್ಟ ನಾವ್ಯಾರೂ ಮರೆಯಲ್ಲ."

ನಿರ್ದೇಶಕ ಬಾಗಿ ವಂದಿಸಿದ. ತೊಕುಜಿ ಅವನಿಗಿಂತ ಆಳವಾಗಿ ಬಾಗಿದ, ಮತ್ತು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಬಾಗಿಯೇ ಇದ್ದ. ಜೆಬುರಾನ್ ಮತ್ತೆ ಬರುತ್ತಾನೆ. ಬರದಿರುವವನು ತಾನು ಮಾತ್ರ ಎಂದು ತಿಳಿದಾಗ ಅವನಿಗೆ ತಡೆಯಲಾರದಷ್ಟು ದುಃಖವಾಯಿತು. ಜೀವಮಾನದಲ್ಲಿ ಸಿಕ್ಕ ಮೊದಲ ಹೂವು, ಅದೂ ಸತ್ತ ಮೇಲೆ.

ಹೊರಡುವ ಮುಂಚೆ ಅವನು ರಬ್ಬರ್ ಚರ್ಮದೊಳಗೆ ಕೈಹಾಕಿ ಎರಡು ಹತ್ತಿ ಮೆತ್ತೆಗಳನ್ನು ಬಿಡಿಸಿಕೊಂಡ. ಭಾರಕ್ಕೆ ಭುಜ ಕಂದಿಹೋಗುತ್ತದೆಂದು ಮೊದಲ ಚಿತ್ರದ ಕಾಲದಲ್ಲಿ ಮಿಸಾವೊ ಹೊಲಿದುಕೊಟ್ಟಿದ್ದವು ಅವು. ಚರ್ಮ ಬದಲಾದಾಗ ಹಳೆಯದರಿಂದ ಹೊಸದಕ್ಕೆ ಹೋಗುತ್ತಿದ್ದವೇ ಹೊರತು ಸ್ಟುಡಿಯೋ ಬಿಟ್ಟು ಬಂದದ್ದಿಲ್ಲ. ಬೆವರಿನ ಬನಿಯನ್ನುಗಳ ಕೆಳಗೆ ಅವನ್ನು ಚೀಲಕ್ಕೆ ತುರುಕಿ ರೈಲು ಹತ್ತಿದ.

ಹೆಂಡತಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ಬಾಗಿಲು ತೆರೆಯಿತು, ಮಾತು ಹಾರಿಹೋಯಿತು.

"ಅಯ್ಯೋ, ಯಾರು ಹೋಗ್ಬಿಟ್ರು?" ಹೂ ಕಂಡ ಮಿಸಾವೊ ಕೇಳಿದಳು.

"ಯಾರೂ ಇಲ್ಲ."

"ಮತ್ತೆ ಹೂವು?"

"ಹೂವು... ನಿಂಗೇ ಅಂತ."

"ನಂಗಾ?" ಅವಳು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಹೋದ ವಾರ ಮದುವೆ ದಿನ ಮರೆತಿರಲ್ಲ, ಅದಕ್ಕಾ?"

ತೊಕುಜಿ ಮದುವೆ ದಿನವನ್ನು ಮರೆಯದೇ ಇದ್ದ ವರ್ಷವೇ ಇರಲಿಲ್ಲ. ಆದರೂ "ಹೂಂ" ಎಂದುಬಿಟ್ಟ.

"ಇವತ್ತು ತಲೆ ಮೇಲೆ ಏನಾದ್ರೂ ಬಿತ್ತಾ?"

"ಇಲ್ಲ, ಕ್ಷಿಪಣಿ. ಎದೆಗೆ."

"ಮೊದಲೇ ಬೀಳಬಾರದಾಗಿತ್ತಾ?" ಎಂದು ಅವಳು ಆಗಲೇ ಫೋನು ಎತ್ತಿದ್ದಳು. "ಅಕ್ಕಾ, ನಮ್ಮವ್ರು ಹೂ ತಂದಿದಾರೆ ಕಣೇ. ಇಲ್ವೇ, ಕುಡಿದಿಲ್ಲ, ಮೂಸಿ ನೋಡ್ದೆ."

ಅವಳ ದನಿಯಲ್ಲಿದ್ದ ಸಂತೋಷ ಕೇಳಿ ತೊಕುಜಿಗೆ ನಿಂತ ನೆಲವೇ ಬಾಯಿಬಿಡಬಾರದೆ ಅನ್ನಿಸಿತು. ಮಾತು ಮುಗಿಸಿ ಅವಳು ಎಂದಿನಂತೆ ಅವನ ಚೀಲ ಎತ್ತಿಕೊಂಡು ಬಟ್ಟೆ ಒಗೆಯಲು ಒಳಗೆ ಹೋದಳು. ಬಹಳ ಹೊತ್ತಾದರೂ ಯಂತ್ರ ತಿರುಗುವ ಸದ್ದು ಕೇಳಲಿಲ್ಲ. ಕೊನೆಗೆ ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ಏನಾಯ್ತು?"

"ಏನಿಲ್ಲ. ಈರುಳ್ಳಿ ಹೆಚ್ಚಿದೆ. ಇವತ್ತು ಕೆಂಪು ಕಾಳಿನ ಅನ್ನ ಮಾಡ್ತೀನಿ."

ಕೆಂಪು ಕಾಳಿನ ಅನ್ನವೆಂದರೆ ಮನೆಯಲ್ಲಿ ಮಗು ಹುಟ್ಟಿದಾಗ, ಮಕ್ಕಳು ಪಾಸಾದಾಗ ಮಾಡುವ ಶುಭದ ಅನ್ನ. ಕೆಲಸ ಕಳೆದುಕೊಂಡವನು ಆ ಅನ್ನದ ಮೇಲೆ ವಾಡಿಕೆಯಂತೆ ಕರಿ ಎಳ್ಳು ಉದುರಿಸಿಕೊಂಡು ಎರಡು ಬಟ್ಟಲು ತಿಂದ. ಬೇಡವೆಂದರೆ ಅನುಮಾನ ಬಂದೀತು. ಮಿಸಾವೊ ಪಕ್ಕದ ಮನೆಯ ಹೊಸೊಯಾ ಅಜ್ಜಿಗೂ ಒಂದು ಡಬ್ಬಿ ಕೊಟ್ಟು ಬಂದಳು.

ಬೆಳಗಾದ ಮೇಲೆ ತೊಕುಜಿ ಪ್ರತಿದಿನದಂತೆ ಹೊರಟ. ಎಲ್ಲಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಹೊಸೊಯಾ ಅಜ್ಜಿ ತೊಳೆದ ಡಬ್ಬಿ ಹಿಡಿದು ಎದುರಾದಳು.

"ಅನ್ನ ಬಹಳ ಚೆನ್ನಾಗಿತ್ತಪ್ಪ. ಇನ್ಮೇಲೆ ಊರು ಹಾಳು ಮಾಡೋದು ಬಿಟ್ಟೆಯಂತೆ, ನಿನ್ನ ಹೆಂಡ್ತಿ ಹೇಳಿದ್ಲು. ಒಳ್ಳೇದಾಯ್ತು. ವಯಸ್ಸಾದ ಮೇಲೆ ಅದೆಲ್ಲ ಯಾಕೆ?"

ತೊಕುಜಿ ಮೆಲ್ಲಗೆ ತಿರುಗಿದ. ಅಂಗಳದ ಬಿದಿರು ಗಳದ ಮೇಲೆ ಬನಿಯನ್ನುಗಳ ಪಕ್ಕ ಆ ಎರಡು ಮೆತ್ತೆಗಳು ಒಣಗುತ್ತಿದ್ದವು. ಮಿಸಾವೊ ಕ್ಲಿಪ್ಪು ಹಾಕುತ್ತಿದ್ದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಚೀಲ ಬಿಚ್ಚಿದಾಗ. ಇವು ಯಾವತ್ತಾದ್ರೂ ಮನೆಗೆ ಬಂದಿದ್ವಾ?"

"ಗೊತ್ತಾದ ಮೇಲೂ ಹಬ್ಬದ ಅನ್ನ ಮಾಡಿದೆಯಾ?"

"ಮಾಡ್ದೆ. ಬೇಸಿಗೇಲಿ ಆ ರಬ್ಬರಿನೊಳಗೆ ಉಸಿರು ಕಟ್ಟಿ ಹೋಗ್ಬಿಡ್ತೀರಾ ಅಂತ ಪ್ರತಿದಿನ ಹೆದರಿಕೊಂಡು ಕೂತಿರ್ತಿದ್ದೆ. ನಿಮಗೆ ದುಃಖ ಆಗಿರಬಹುದು. ನನ್ನ ಪಾಲಿಗೆ ನೀವು ಜೀವಂತ ವಾಪಸ್ ಬಂದ್ರಿ." ಕ್ಲಿಪ್ಪು ಕೈಜಾರಿತು, ಬಗ್ಗಿ ಎತ್ತಿಕೊಂಡಳು. "ಆದ್ರೆ ಹೂವಿನ ವಿಷಯ ಅಕ್ಕಂಗೆ ಹೇಳಿ ಆಗಿದೆ. ಇನ್ನು ವರ್ಷಾ ವರ್ಷಾ ತರಬೇಕು. ಮತ್ತೆ, ಇವು ಒಣಗಿದ ಮೇಲೆ ಹೆಗಲಿಗೆ ಕಟ್ಕೊಂಡು ಹೋಗಿ ಅಕ್ಕಿ ಮೂಟೆ ತನ್ನಿ. ಇಷ್ಟು ವರ್ಷ ನಾನೇ ಹೊತ್ತಿದ್ದು."

ಒಗೆದರೂ ಆ ಮೆತ್ತೆಗಳಲ್ಲಿ ಅವನ ಭುಜದ ತಗ್ಗು ಹಾಗೆಯೇ ಇತ್ತು. ಅದನ್ನು ನೋಡುತ್ತ ನಿಂತವನಿಗೆ, ಎಷ್ಟು ನಗರಗಳನ್ನು ಕೆಡವಿದರೂ ಬಾರದಿದ್ದ ಅಳು, ಬನಿಯನ್ನುಗಳ ಮಧ್ಯೆ ನಿಂತಲ್ಲೇ ಬಂತು. ಹೊಸೊಯಾ ಅಜ್ಜಿ ನೋಡಬಾರದೆಂದು ಮುಖ ತಿರುಗಿಸಿದ.

"ಏನ್ರೀ ಅದು?" ಎಂದಳು ಮಿಸಾವೊ.

"ಏನಿಲ್ಲ. ಈರುಳ್ಳಿ."

"ಹಾಗಿದ್ರೆ ಅಕ್ಕಿ ಜೊತೆ ಅದನ್ನೂ ತನ್ನಿ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ಮನೇಲಿ ಹೋದ ವಾರದಿಂದ ಒಂದೂ ಇಲ್ಲ."