ನಮ್ಮ ಭಾವನ ಬೇಸ್‌ಬಾಲ್ ಪುರಾಣ

ನಮ್ಮ ಭಾವ ಬೇಸ್‌ಬಾಲನ್ನು ಒಂದೇ ಒಂದು ದಿನವೂ ಆಡಿದವರಲ್ಲ. ಅದು ಆ ಆಟದ ಪುಣ್ಯ! ಆಡಿದ್ದರೆ ಚೆಂಡು ಎಸೆಯುವವನನ್ನು ಅಲ್ಲೇ ತಡೆದು, 'ಸ್ವಲ್ಪ ಇರಿ, ಇದಕ್ಕೊಂದು ಹಿನ್ನೆಲೆ ಇದೆ' ಎಂದು ಶುರು ಮಾಡುತ್ತಿದ್ದರು. ಅವರ ಹಿನ್ನೆಲೆ ಮುಗಿಯುವಷ್ಟರಲ್ಲಿ ಪ್ರೇಕ್ಷಕರು ಮನೆ ಸೇರಿ, ಊಟ ಮಾಡಿ, ಮಲಗಿರುತ್ತಿದ್ದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಅಪ್ಪಟ ಮೈಸೂರಿನವರು. ಈಗ ಸಿಂಗಪುರದಲ್ಲಿ, ತಂಜಾಂಗ್ ಪಗಾರಿನ ಬ್ಯಾಂಕೊಂದರಲ್ಲಿ ಕೆಲಸ, ಸೆರಂಗೂನಿನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ವಾಸ. ಸಿಂಗಪುರದ ಕನ್ನಡಿಗರೆಲ್ಲ ಕ್ರಿಕೆಟ್ಟಿಗೆ ಪ್ರಾಣ ಬಿಡುವಾಗ ಈ ಮನುಷ್ಯನಿಗೆ ಬೇಸ್‌ಬಾಲ್ ಗೀಳು ಹೇಗೆ ಅಂಟಿತು? ಕಾರಣ ಬಹಳ ಸರಳ. ಅಮೆರಿಕದವರು ರಾತ್ರಿ ಆಡುವ ಪಂದ್ಯ ಇಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ನೇರ ಪ್ರಸಾರವಾಗುತ್ತದೆ. ಉಪ್ಪಿಟ್ಟು ತಿನ್ನುತ್ತಾ ಒಂದು ದಿನ ನೋಡಿದರು, ಮರುದಿನವೂ ನೋಡಿದರು. ಆಮೇಲೆ ಎಂ.ಆರ್.ಟಿ. ರೈಲಿನಲ್ಲಿ ನಿಂತು ಫೋನಿನಲ್ಲಿ ನೋಡತೊಡಗಿದರು. ಇಳಿಯಬೇಕಾದ ಸ್ಟೇಷನ್ ಎಷ್ಟು ಸಲ ದಾಟಿ ಹೋಗಿದೆಯೋ ದೇವರಿಗೇ ಗೊತ್ತು!

ನೋಡಿದ್ದು ಸಾಲದೆಂದು ಓದಲೂ ಶುರು ಮಾಡಿದರು. ಎಂಜಲು ಹಚ್ಚಿ ಚೆಂಡೆಸೆಯುವುದು ಯಾವ ಕಾಲದಲ್ಲಿ ನಿಷೇಧವಾಯಿತು, ಜಪಾನಿನಲ್ಲಿ ಪಂದ್ಯ ಸಮವಾಗಿ ಮುಗಿಯಬಹುದಾದರೆ ಅಮೆರಿಕದಲ್ಲಿ ಯಾಕೆ ಹಾಗಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು, ನಿಜ ಹೇಳುತ್ತೇನೆ, ನನ್ನ ವಿಷಯ ನನಗೆ ಅಷ್ಟು ಗೊತ್ತಿಲ್ಲ.

ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಪುರೋಹಿತರು ಅಷ್ಟೋತ್ತರ ಹೇಳುತ್ತಿದ್ದರು. ಎಲ್ಲರೂ ಕಣ್ಮುಚ್ಚಿ ಕೈಮುಗಿದಿದ್ದಾರೆ. ಭಾವ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಗೊತ್ತಾ? ಬೇಸ್‌ಬಾಲ್ ಚೆಂಡಿಗೂ ಕರೆಕ್ಟಾಗಿ ನೂರೆಂಟು ಹೊಲಿಗೆ! ಎಲ್ಲಾ ಕೈಯಲ್ಲೇ ಹಾಕೋದು."

ಪುರೋಹಿತರು ಮಂತ್ರ ನಿಲ್ಲಿಸಿ ದುರುಗುಟ್ಟಿ ನೋಡಿದರು. ಅಕ್ಕನ ಮುಖ ಕುಂಕುಮದ ಬಟ್ಟಲಿಗಿಂತ ಕೆಂಪಾಯಿತು. ಪೂಜೆ ಮುಗಿದು ಎಲ್ಲರಿಗೂ ಸಪಾದ ಭಕ್ಷ್ಯ ಹಂಚಿದ ಮೇಲೆ ಪುರೋಹಿತರು ಮೆಲ್ಲಗೆ ಭಾವನ ಪಕ್ಕ ಬಂದು ಕೂತರು. "ಅದೇನು ಸ್ವಾಮಿ, ನೂರೆಂಟು ಅಂದ್ರಲ್ಲ? ಸ್ವಲ್ಪ ಬಿಡಿಸಿ ಹೇಳಿ" ಅಂದರು. ಹೇಳದೆ ಬಿಡುತ್ತಾರೆಯೇ? ಪುರೋಹಿತರು ಮುಂದಿನ ಮನೆಯ ಪೂಜೆಗೆ ತಡವಾಗಿ ಹೋದರು!

ಅಕ್ಕನ ಮಗಳು ಇಂಚರ ಇಲ್ಲೇ ಹುಟ್ಟಿ ಬೆಳೆದವಳು. ಅವಳು ಶಾಲೆಯ ಸಾಫ್ಟ್‌ಬಾಲ್ ತಂಡ ಸೇರಿದಾಗ ಭಾವನಿಗೆ ಸ್ವರ್ಗಕ್ಕೆ ಮೂರೇ ಗೇಣು. "ಸಾಫ್ಟ್‌ಬಾಲ್ ಅಂದ್ರೆ ಬೇಸ್‌ಬಾಲಿಗೆ ಸ್ವಂತ ತಂಗಿ ಕಣಮ್ಮ" ಎಂದು ನನಗೆ ಸಂಬಂಧವನ್ನೂ ವಿವರಿಸಿದರು. ಅಮೆರಿಕದ ದೊಡ್ಡ ಪಂದ್ಯಗಳಲ್ಲಿ ಹೊಸ ಚೆಂಡಿನ ಜಾರಿಕೆ ಹೋಗಲೆಂದು ಯಾವುದೋ ನದಿಯ ಕೆಸರು ಸವರುತ್ತಾರಂತೆ. ಆ ಕೆಸರು ತೆಗೆಯುವ ಜಾಗ ಗುಟ್ಟಂತೆ. ಮಗಳ ಚೆಂಡಿಗೂ ಸವರಬೇಡವೇ? ಆದರೆ ಈ ಸಿಂಗಪುರದಲ್ಲಿ ಕೆಸರನ್ನು ಎಲ್ಲಿ ಹುಡುಕುವುದು? ಭಾವ ಇಡೀ ಕಾಂಡೋ ಸುತ್ತಿ ಬಂದು, ಕೊನೆಗೆ ಅಕ್ಕ ಲಿಟಲ್ ಇಂಡಿಯಾದಿಂದ ತಂದಿಟ್ಟುಕೊಂಡಿದ್ದ ಮುಲ್ತಾನಿ ಮಿಟ್ಟಿಯನ್ನು ಪನ್ನೀರಿನಲ್ಲಿ ಕಲಸಿ ಚೆಂಡಿಗೆ ಮೆತ್ತಿದರು.

"ನನ್ನ ಮುಖಕ್ಕಿಲ್ಲದ ಯೋಗ ಆ ಚೆಂಡಿಗೆ ಬಂತಲ್ಲ!" ಎಂದು ಅಕ್ಕ ಹಣೆ ಚಚ್ಚಿಕೊಂಡಳು. ಮೈದಾನದಲ್ಲಿ ಇಂಚರಳ ಗೆಳತಿ ಚೆಂಡನ್ನು ಮೂಸಿ ನೋಡಿ, "ವೈ ಯುವರ್ ಬಾಲ್ ಸ್ಮೆಲ್ ಲೈಕ್ ಮೈ ಗ್ರ್ಯಾಂಡ್‌ಮಾ ಆಹ್?" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಕೇಳಿದಳಂತೆ.

ಅದನ್ನಾದರೂ ಹುಡುಗಿ ನಕ್ಕು ಮರೆತಳು. ಆದರೆ ಮೊದಲ ಪಂದ್ಯದಲ್ಲಿ ನಡೆದದ್ದನ್ನು ಮರೆಯಲಿಲ್ಲ. ಮೇಲೆ ಹಾರಿದ ಚೆಂಡನ್ನು ಯಾರೂ ಹಿಡಿಯುವ ಮೊದಲೇ ಬ್ಯಾಟರ್ ಔಟ್ ಎಂದು ಅಂಪೈರ್ ಹೇಳಬೇಕಾದ ಸಂದರ್ಭವೊಂದಿದೆಯಂತೆ. ಅಂಪೈರ್ ಹೇಳಲಿಲ್ಲ. ಭಾವ ಮೈದಾನದ ಒಳಗೇ ನುಗ್ಗಿ, ನಿಯಮವನ್ನೂ ಅದು ಹುಟ್ಟಿದ ಕಥೆಯನ್ನೂ ನಿಂತಲ್ಲೇ ಹೇಳಿದರು. ಆಟ ನಿಂತಿತು. ಅಂಪೈರ್ ಪುಸ್ತಕ ತೆಗೆದು ನೋಡಿದರೆ ಭಾವ ಹೇಳಿದ್ದೇ ಸರಿ! ಅಷ್ಟು ಜನರಲ್ಲಿ ಅದು ಗೊತ್ತಿದ್ದದ್ದು ಅವರೊಬ್ಬರಿಗೇ. ನನಗಂತೂ ಎದೆ ಉಬ್ಬಿತು. ಇಂಚರ ಮಾತ್ರ ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

"ಎಲ್ಲರೂ ನಿನ್ನನ್ನೇ ನೋಡ್ತಿದ್ರು, ಅಪ್ಪ. ನನ್ನ ಆಟ ಯಾರೂ ನೋಡ್ಲೇ ಇಲ್ಲ. ಇನ್ಮೇಲೆ ಮ್ಯಾಚಿಗೆ ಬರ್ಬೇಡ, ಪ್ಲೀಸ್ ಲಾ."

ಆ ವಾರವೆಲ್ಲ ಭಾವ ತಿಂಡಿಯ ಹೊತ್ತಿಗೆ ಟಿವಿ ಹಾಕಲಿಲ್ಲ ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ನನಗೂ ಕಸಿವಿಸಿಯಾಯಿತು.

ಮುಂದಿನ ಪಂದ್ಯ ನಾನಿರುವ ಬುಕಿತ್ ಪಂಜಾಂಗ್ ಕಡೆಯ ಮೈದಾನದಲ್ಲಿತ್ತು. ಅಕ್ಕನಿಗೆ ಕೆಲಸವಿದ್ದುದರಿಂದ ನಾನು ಹೋದೆ. ನೋಡುತ್ತೇನೆ, ದೂರದ ಮರದ ಹಿಂದೆ ಟೋಪಿ, ಕಪ್ಪು ಕನ್ನಡಕ, ಮಾಸ್ಕ್ ತೊಟ್ಟ ಒಂದು ಆಕೃತಿ! ಕಳ್ಳನೂ ಇಷ್ಟು ಎದ್ದು ಕಾಣುವುದಿಲ್ಲ. ಕೋಚ್ ಹೆಂಗಸು ನೋಡಿಯೇಬಿಟ್ಟಳು.

"ಅಂಕಲ್! ಅವರ್ ಸ್ಕೋರರ್ ನೆವರ್ ಟರ್ನ್ ಅಪ್ ಲಾ. ಯು ಕಮ್, ಸಿಟ್ ಹಿಯರ್!"

ಭಾವ ಮಗಳ ಮುಖ ನೋಡಿದರು. "ಬಾಯಿ ಬಿಡ್ಬಾರ್ದು, ಅಪ್ಪ" ಎಂದು ಹೇಳಿ ಇಂಚರ ಮೈದಾನಕ್ಕೆ ಓಡಿದಳು.

ಭಾವ ಸ್ಕೋರ್ ಬರೆಯಲು ಕೂತರು, ಬಾಯಿ ಬಿಡಲಿಲ್ಲ. ನೀರು ಕುಡಿಯಲೂ ಬಿಡಲಿಲ್ಲ! ಈ ಆಟದಲ್ಲಿ ಯಾರು ಎಷ್ಟು ಓಟ ಗಳಿಸಿದರು ಎಂಬುದನ್ನಷ್ಟೇ ಅಲ್ಲ, ಯಾರು ತಪ್ಪು ಮಾಡಿದರು ಎಂಬುದನ್ನೂ ಸ್ಕೋರರ್ ತೀರ್ಮಾನಿಸಿ ಬರೆಯಬೇಕು. ಹಿಡಿಯಬಹುದಾದ ಚೆಂಡನ್ನು ಬಿಟ್ಟರೆ ಅದು ಎರರ್, ಹಿಡಿಯಲಾಗದ್ದಾದರೆ ಹೊಡೆದವಳ ಹೆಸರಿಗೆ ಹಿಟ್.

ಕೊನೆಯ ಸುತ್ತು. ನಮ್ಮವರು ಒಂದೇ ಓಟದಿಂದ ಮುಂದಿದ್ದಾರೆ. ಎದುರಾಳಿಗಳ ಇಬ್ಬರು ಹುಡುಗಿಯರು ಓಡಲು ತಯಾರಾಗಿ ನಿಂತಿದ್ದಾರೆ. ಇನ್ನೊಂದು ಔಟ್ ಸಿಕ್ಕರೆ ಗೆಲುವು. ಚೆಂಡು ಎತ್ತರಕ್ಕೆ ಹಾರಿ ಸೀದಾ ಇಂಚರಳತ್ತ ಬಂತು. ಅವಳು ಅಲುಗಾಡಲೂ ಬೇಕಿರಲಿಲ್ಲ. ಕೈಗವಸಿಗೆ ಬಿತ್ತು, ಪುಟಿಯಿತು, ಹುಲ್ಲಿಗೆ ಉರುಳಿತು. ಓಡುವವರು ಇಬ್ಬರೂ ಓಡಿ ಮುಗಿಸಿದರು. ಸೋತೆವು.

ಕೋಚ್ ಭಾವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಹೌ, ಅಂಕಲ್? ಹಿಟ್ ಆರ್ ಎರರ್?"

ಬೇಸ್‌ಬಾಲಿನ ಸಮಸ್ತ ಇತಿಹಾಸವನ್ನೂ ಬಲ್ಲ ನಮ್ಮ ಭಾವ ತಲೆ ತಗ್ಗಿಸಿ, "ಸಾರಿ, ಕೋಚ್. ಐ ಡಿಡ್‌ನಾಟ್ ಸೀ. ಐ ಕ್ಲೋಸ್ಡ್ ಮೈ ಐಸ್" ಅಂದರು.

ಅಷ್ಟು ಹೊತ್ತಿಗೆ ಇಂಚರ ಕೈಗವಸು ಕಳಚಿಕೊಂಡು ಅಲ್ಲಿಗೆ ಬಂದಿದ್ದಳು. ಕಣ್ಣು ಕೆಂಪಾಗಿತ್ತು.

"ಎರರ್, ಅಪ್ಪ. ಈಸಿ ಕ್ಯಾಚ್ ಅದು. ಬರ್ಕೋ."

ಭಾವ ಬರೆದರು.

"ಯಾಕೆ ಕಣ್ಣು ಮುಚ್ಕೊಂಡೆ?"

"ಭಯ ಆಯ್ತು, ಪುಟ್ಟಿ. ಬಾಲ್ ನಿನ್ನ ಕಡೆ ಬರ್ತಿತ್ತು."

ಇಂಚರ ನಗಲು ಹೋದಳು, ಅಳು ಬಂತು. ಅಪ್ಪನ ಪಕ್ಕ ಬೆಂಚಿನ ಮೇಲೆ ಕುಸಿದು ಕೂತು ಅವರ ಭುಜಕ್ಕೆ ತಲೆಯಿಟ್ಟಳು. ನಾನು ಬಿಸಿಲಿನ ನೆಪ ಹೇಳಿ ಕಣ್ಣೊರೆಸಿಕೊಂಡೆ.

"ನೆಕ್ಸ್ಟ್ ಸ್ಯಾಟರ್ಡೇ ಇನ್ನೊಂದು ಮ್ಯಾಚಿದೆ, ಅಪ್ಪ. ಬಾ. ಬಟ್ ನನ್ನ ಟರ್ನ್ ಬಂದಾಗ ಕಣ್ಣು ಬಿಟ್ಕೊಂಡು ನೋಡ್ಬೇಕು, ಓಕೆ?"

ಭಾವ ಹೂಂ ಅಂದರು. ಅದರ ಮೇಲೆ ಒಂದೇ ಒಂದು ಮಾತನ್ನೂ ಸೇರಿಸಲಿಲ್ಲ.