ಬೀಗ ಹಿಡಿದು ನಿಂತ ಬೀಗರು

ನಾನು ಕಣ್ಣಾರೆ ಕಂಡ ದೋಷವನ್ನು "ಕಂಡುಬಂದಿಲ್ಲ" ಎಂದು ಬರೆದು, ನನ್ನನ್ನು ಒಂದು ಮಾತೂ ಕೇಳದೆ ಅದರ ಕಡತವನ್ನೇ ಮುಚ್ಚಿಬಿಟ್ಟರು. ಸಣ್ಣಪುಟ್ಟ ಅವಮಾನಗಳನ್ನೇ ಮರೆಯದವನು ನಾನು, ಇದನ್ನು ಮರೆಯುವುದುಂಟೇ?

ತುಮಕೂರಿನ ನಮ್ಮ ಕಂಪನಿ ಹಾಲು ತಣ್ಣಗಿಡುವ ಟ್ಯಾಂಕುಗಳಿಗೆ ನಿಯಂತ್ರಣ ಯಂತ್ರ ತಯಾರಿಸುತ್ತದೆ. ಅದರೊಳಗೆ ನಾಲ್ಕು ಪ್ರೊಸೆಸರ್‌ಗಳು. ಅವಕ್ಕೆ ಕೆಲಸ ಹಂಚುವ ಯಜಮಾನ, ಕರ್ನಲ್ ಎಂಬ ತಂತ್ರಾಂಶ. ಈ ಯಜಮಾನ ಆಗಾಗ ಕಲ್ಲಿನಂತೆ ನಿಂತುಬಿಡುತ್ತಿದ್ದ. ಯಂತ್ರವೋ ಕುಣಿಗಲ್ಲಿನ ಡೈರಿಗೆ ಹೊರಟಿತ್ತು. ಅಲ್ಲಿ ನಿಂತರೆ ಟ್ಯಾಂಕಿನ ಹಾಲು ಒಡೆದಂತೆಯೇ. ಎಲ್ಲಿ ನಿಲ್ಲುತ್ತದೆಂದು ತಿಳಿಯಲು, ನಡುನಡುವೆ "ಇಲ್ಲಿಗೆ ಬಂದೆ" ಎಂದು ತೆರೆಯ ಮೇಲೆ ಬರೆಸುವ ಸಾಲುಗಳನ್ನು ಸೇರಿಸಿದೆ. ಸೇರಿಸಿದರೆ ಹಸುವಿನಷ್ಟು ಸಾಧು, ತೆಗೆದರೆ ಮತ್ತದೇ ಮೊಂಡಾಟ!

ತಂಡದ ಮುಖ್ಯಸ್ಥ ಉಮೇಶ, ವಯಸ್ಸಿನಲ್ಲಿ ನನ್ನ ಅರ್ಧದವನು, ನಕ್ಕ. "ನಿಮ್ಮನ್ನ ಕಂಡ್ರೆ ಅದುಕ್ಕೂ ಭಯ ಸಾರ್! ನಾನು ಒಂದೇ ಪ್ರೊಸೆಸರ್ ಇಟ್ಟು ಓಡ್ಸಿದೀನಿ, ನಿಂತೇ ಇಲ್ಲ. ಬುಡಿ ಅತ್ಲಾಗೆ."

"ಒಬ್ಬನೇ ಇರೋ ಮನೇಲಿ ಜಗಳ ಎಲ್ಲಿಂದ ಬರ್ತದಪ್ಪಾ?" ಎಂದೆ. ಅಷ್ಟರಲ್ಲಿ ಅವನು "ಕಂಡುಬಂದಿಲ್ಲ" ಎಂದು ಬರೆದು ಕಡತ ಮುಚ್ಚಿಯಾಗಿತ್ತು.

ನಾನು ಬಿಡಲಿಲ್ಲ. ಉತ್ತರ ಹೊಳೆದದ್ದು ಗುಬ್ಬಿಯಲ್ಲಿ, ಮಗಳ ಮಾವನವರ ಮನೆಯ ಊಟದಲ್ಲಿ. ನನ್ನ ಕುರ್ಚಿಯನ್ನು ಬೀಗರು ಹಿಡಿದಿದ್ದರು, ಅವರ ಕುರ್ಚಿಯನ್ನು ನಾನು. "ನೀವ್ ಮೊದ್ಲು ಕೂತ್ಕಳಿ ಬೀಗ್ರೇ." "ಛೆ, ಎಲ್ಲಾದ್ರೂ ಉಂಟೇ, ತಾವು ಮೊದ್ಲು." ಇಬ್ಬರೂ ಕೈ ಬಿಡಲೊಲ್ಲೆವು. ಕೊನೆಗೆ ನನ್ನ ಹೆಂಡತಿ ರೇಗಿದಳು: "ಸಾರು ಆರೋಗ್ತಾ ಐತೆ ಕಣ್ರೀ! ದೊಡ್ಡೋರು ಮೊದ್ಲು ಅಂತ ಇಟ್ಕಂಡ್ರೆ ಮುಗೀತಲ್ಲ." ದೊಡ್ಡವನು ನಾನೇ ಎಂದು ಒಪ್ಪುವುದು ಕಷ್ಟವಾಯಿತು; ಆದರೂ ಕುಳಿತೆ.

ಮರಳಿ ಬಂದವನು ತೆರೆಯ ಸಹವಾಸ ಬಿಟ್ಟೆ. ಅದರ ಮೇಲೆ ಬರೆಸುವಷ್ಟರಲ್ಲಿ ಒಂದು ಪ್ರೊಸೆಸರ್ ತಡವಾಗಿ, ಇನ್ನೊಂದಕ್ಕೆ ಎದುರಾಬದುರಾಗುವುದೇ ತಪ್ಪುತ್ತಿತ್ತು. ಸದ್ದಿಲ್ಲದೆ ಮೆಮೊರಿಯಲ್ಲಿ ಗುರುತು ಹಾಕಿಸಿದೆ. ಯಂತ್ರ ನಿಂತಿತು, ಗುರುತುಗಳು ಗುಟ್ಟು ಬಿಟ್ಟುಕೊಟ್ಟವು. ಒಬ್ಬರು ಬಳಸುತ್ತಿರುವುದನ್ನು ಇನ್ನೊಬ್ಬರು ಮುಟ್ಟದಂತೆ ಕರ್ನಲ್‌ನಲ್ಲಿ ಬೀಗಗಳಿರುತ್ತವೆ. ಒಂದು ಪ್ರೊಸೆಸರ್ ಮೋಟರಿನ ಬೀಗ ಹಿಡಿದು ಗಡಿಯಾರದ ಬೀಗಕ್ಕೆ ಕಾಯುತ್ತಿತ್ತು; ಇನ್ನೊಂದು ಗಡಿಯಾರದ್ದನ್ನು ಹಿಡಿದು ಮೋಟರಿನದಕ್ಕೆ. ಯಾರೇ ಆಗಲಿ ಗಡಿಯಾರದ ಬೀಗವನ್ನೇ ಮೊದಲು ಹಿಡಿಯಬೇಕೆಂದು ಕಟ್ಟಳೆ ಮಾಡಿದೆ. ಯಂತ್ರ ಮತ್ತೆ ನಿಲ್ಲಲಿಲ್ಲ. ಕುಣಿಗಲ್ಲಿಗೆ ಹೋಗಿ ಸುಖವಾಗಿದೆ.

"ಕಂಡುಬಂದಿಲ್ಲ" ಎಂಬುದನ್ನು ಈಗಲಾದರೂ ತಿದ್ದಪ್ಪಾ ಎಂದರೆ ಉಮೇಶ, "ಎಲ್ಲಾ ಚೆನ್ನಾಗೇ ಓಡ್ತೈತಲ್ಲ ಸಾರ್, ದೋಷ ಎಲ್ಲೈತೆ ತೋರ್ಸಿ?" ಎನ್ನುತ್ತಾನೆ. ದೋಷವನ್ನು ಸರಿಮಾಡಿ, ಇದ್ದ ಒಂದೇ ಸಾಕ್ಷಿಯನ್ನು ನಾನೇ ಕೈಯಾರೆ ಅಳಿಸಿದ್ದೇನೆ. ಆಗಲಿ, ಆದರೆ ಉಮೇಶ, ಎಲ್ಲರೆದುರೇ ಕೇಳುತ್ತೇನೆ: ನನ್ನ ಮಾತನ್ನು ನೀನು ನಂಬಲು ಕುಣಿಗಲ್ಲಿನ ಹಾಲು ಒಡೆಯಲೇಬೇಕಿತ್ತೇನಪ್ಪಾ?